ಅತ್ತೆಯ ಕೈಗೆ ಚಾಕು

ಚಾಕುಗಳನ್ನು ಎಲ್ಲಿಡಬೇಕು ಎಂಬುದು ನಮ್ಮ ಮನೆಯಲ್ಲಿ ದೊಡ್ಡ ಪ್ರಶ್ನೆಯಾದದ್ದು ಅತ್ತೆ ಬೆರಳು ಕೊಯ್ದುಕೊಂಡ ದಿನ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರು, ಈಗ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಮ್ಮೊಂದಿಗಿದ್ದಾರೆ. ಕಣ್ಣು ಮಂಜಾಗಿದೆ, ಆಪರೇಷನ್ನಿನಿಂದ ಸರಿಹೋಗುವ ಮಂಜಲ್ಲ. ಆದರೂ ತರಕಾರಿ ಹೆಚ್ಚುವುದು ಅವರದೇ ಕೆಲಸ. ಅವತ್ತು ಸ್ಪೂನು, ಸೌಟುಗಳ ಜೊತೆ ಚಾಕುಗಳನ್ನೂ ತುಂಬಿದ್ದ ಡ್ರಾಯರಿಗೆ ಕೈಹಾಕಿ ತಡಕಿದ್ದರು.

"ಇನ್ಮೇಲೆ ಅಮ್ಮ ಚಾಕು ಮುಟ್ಟೋದು ಬೇಡ" ಎಂದು ನನ್ನ ಗಂಡ ತೀರ್ಪು ಕೊಟ್ಟೇಬಿಟ್ಟರು. ಒಂದು ದಿನವೂ ಈರುಳ್ಳಿ ಹೆಚ್ಚಿದವರಲ್ಲ, ತೀರ್ಪಿಗೇನು ಕಮ್ಮಿ! ಅತ್ತೆ ಬೆರಳಿಗೆ ಬಟ್ಟೆ ಸುತ್ತಿಕೊಂಡು, "ಹಾಗಾದ್ರೆ ನಾನು ಅಡಿಗೆಮನೆಗೆ ಯಾಕೆ ಬರ್ಬೇಕು ಮಾರಾಯ್ತಿ? ಟೀವಿ ಮುಂದೆ ಕೂತ್ಕೋತೀನಿ, ಕಾಣ್ದಿದ್ರೂ ಆಯ್ತು" ಎಂದರು.

ಚಾಕು ಇಡಲು ಏನಾದರೂ ಸಿಕ್ಕೀತೆಂದು ದುರ್ಗಿಗುಡಿಯ ಪಾತ್ರೆ ಅಂಗಡಿಗೆ ಹೋದೆ. ಸೀಳುಗಳಿದ್ದ ಮರದ ಸ್ಟ್ಯಾಂಡ್ ತೋರಿಸಿದರು. ಒಳಗೆ ನೀರು ನಿಂತರೆ ಒರೆಸುವುದು ಹೇಗೆ? ಜಿರಲೆ ಸಂಸಾರ ಹೂಡಿದರೆ ಕೇಳುವವರಾರು? ಅದು ಬೇಡವೆಂದು ಗೋಡೆಗೆ ಹೊಡೆಯುವ ಅಯಸ್ಕಾಂತದ ಪಟ್ಟಿ ತಂದೆ. ನೋಡಲು ಚಂದವೇ. ಆದರೆ ಅಲಗು ಬಯಲಲ್ಲೇ ಇರುತ್ತದೆ. ತಡಕುವ ಕೈಗೆ ಮೊದಲು ಸಿಗುವುದೂ ಅದೇ. ಥೂ ಎಂದು ಬಿಚ್ಚಿಸಿದೆ.

"ಅದೆಲ್ಲ ಯಾಕೆ ತರ್ತೀಯ? ಕ್ವಾರ್ಟರ್ಸಲ್ಲಿ ನಿಮ್ಮ ಮಾವ ಗೋಡೆಗೆ ಒಂದು ಹಲಗೆ ಹೊಡ್ಕೊಟ್ಟಿದ್ರು. ಅಲಗು ಒಳಗೆ, ಹಿಡಿ ಮೇಲೆ" ಎಂದರು ಅತ್ತೆ. ಬಡಗಿಯಿಂದ ಅದನ್ನೇ ಮಾಡಿಸಿದೆ. ಗೋಡೆಗೂ ಹಲಗೆಗೂ ನಡುವೆ ಚಾಕು ಇಳಿಯುವಷ್ಟು ಸಂದು. ಅಲಗು ಪೂರ್ತಿ ಮುಚ್ಚುವಷ್ಟು ಅಗಲದ ಹಲಗೆ. ಅತ್ತೆಯ ಚಾಕುವಿನ ಹಿಡಿಗೆ ದಪ್ಪ ನೂಲು ಸುತ್ತಿದೆ. ಅವರ ಕೈ ನೇರ ಅಲ್ಲಿಗೇ ಹೋಯಿತು. ಗಂಡನೂ "ನೋಡೋಣ" ಎಂದು ತೀರ್ಪನ್ನು ತಡೆಹಿಡಿದರು.

ಆದರೆ ಒಂದು ಫಜೀತಿ ಉಳಿದೇ ಇತ್ತು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ. ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನಾನು ಸೊಸೆಯಾಗಿ ಬಂದಾಗ ಅತ್ತೆಯೇ ಹೇಳಿಕೊಟ್ಟ ಪದ್ಧತಿ ಇದು. ಮೊನ್ನೆ ಚಾಕು ತೊಳೆದು, ಅಭ್ಯಾಸದಂತೆ ಕಟ್ಟೆಯ ಮೇಲಿಟ್ಟು, "ಇಟ್ಟಿದೀನಿ ಅತ್ತೆ" ಎಂದೆ. ಅವರ ಬೆರಳುಗಳು ತಡಕುತ್ತ ಅಲಗಿನ ಕಡೆಗೇ ಹೊರಟವು. ಗಾಬರಿಯಾಗಿ ಕೈ ಹಿಡಿದುಬಿಟ್ಟೆ. ಇನ್ನೊಮ್ಮೆ ಕೊಯ್ದುಕೊಂಡರೆ ಮಗನ ತೀರ್ಪೇ ಗಟ್ಟಿ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅತ್ತೆ ಅಂಗೈ ಚಾಚಿದರು. "ಕೈಗೇ ಕೊಡು."

"ಜಗಳ ಆಗುತ್ತಲ್ಲ ಅತ್ತೆ?"

"ಆಗ್ಲಿ ಬಿಡೇ. ಜಗಳ ಆಡೋಕಾದ್ರೂ ನಾನು ಅಡಿಗೆಮನೇಲಿ ಇರ್ಬೇಕಲ್ಲ."

ಹಿಡಿಯನ್ನು ಅವರ ಅಂಗೈಗಿಟ್ಟೆ. ಸುಮ್ಮನಿರಲಾರದೆ, "ಬೀನ್ಸ್ ಸ್ವಲ್ಪ ಸಣ್ಣಗೆ ಹೆಚ್ಚಿ" ಎಂದೆ.

"ನಂಗೇ ಹೇಳ್ಕೊಡೋಕೆ ಬಂದ್ಯಾ?" ಎಂದು ಅವರು ಶುರುಮಾಡಿದರು. ನಾನೂ ಬಿಡಲಿಲ್ಲ.