ಒತ್ತದ ಗುಂಡಿ

ಟ್ಯಾಕ್ಸಿ ಓಡಿಸಿ ತಮ್ಮನನ್ನು ಸಾಕಿದ ಅಕ್ಕ, ಈಗ ಅವನಿಗೆ ಒಂದು ಕಿಡ್ನಿಯನ್ನೂ ಕೊಟ್ಟು ಆಸ್ಪತ್ರೆಯಲ್ಲಿ ಮಲಗಿದ್ದಳು. ನೋವಾದಾಗ ಒತ್ತಲೆಂದು ನರ್ಸ್ ಅವಳ ಕೈಗೊಂದು ಗುಂಡಿ ಕೊಟ್ಟಿದ್ದಳು. ಒತ್ತಿದರೆ ಯಂತ್ರದ ಚೀಲದಿಂದ ಔಷಧಿ ನೇರ ರಕ್ತಕ್ಕಿಳಿಯುತ್ತಿತ್ತು. ಗಟ್ಟಿಗಿತ್ತಿ ಅಕ್ಕ ಹಲ್ಲು ಕಚ್ಚಿಕೊಂಡು ಬೆವರಿದಳೇ ಹೊರತು ಬೆರಳಾಡಿಸಲಿಲ್ಲ.

ಮರುದಿನ ಯಂತ್ರ ಬಿಚ್ಚಲು ಬಂದ ನರ್ಸ್ ಕೇಳಿದಳು: “ನೋವಿಗೆ ಕೊಟ್ಟ ಔಷಧಿ ಸಾಕಾಯ್ತಾ ಅಕ್ಕಾ?”

“ಏನೂ ಕೊರತೆ ಇಲ್ಲಮ್ಮ.”

ಯಂತ್ರ ನೋಡಿದ ನರ್ಸ್ ದಂಗಾದಳು. “ಒಂದ್ಸಲಾನೂ ಒತ್ತೇ ಇಲ್ವಲ್ಲಾ!”

“ಒತ್ತಿದಷ್ಟೂ ಮೀಟರ್ ಓಡಲ್ವೇನಮ್ಮಾ? ಬಿಲ್ಲು ಕಟ್ಟೋನು ನನ್ ತಮ್ಮ.”

“ಅಯ್ಯೋ, ಒತ್ತಿದ್ರೂ ಬಿಟ್ರೂ ಇಡೀ ಚೀಲಕ್ಕೆ ಒಂದೇ ರೇಟು!” ಎಂದ ನರ್ಸ್, ಆಸ್ಪತ್ರೆಯ ನಿಯಮದಂತೆ, ತುಂಬಿದ ಚೀಲವನ್ನು ಕತ್ತರಿಸಿ ಸಿಂಕಿಗೆ ಸುರಿದಳು.

ಸಿಂಕಿನಲ್ಲಿ ಹರಿದುಹೋಗುತ್ತಿದ್ದ ಔಷಧಿಯನ್ನು ನೋಡಿ ಅಕ್ಕ ಕೂಗಿದಳು:

“ಕಿಡ್ನಿ ಹೋದಾಗ್ಲೂ ಇಷ್ಟು ಸಂಕಟ ಆಗಿರ್ಲಿಲ್ಲ ಕಣಮ್ಮಾ!”