ಮೇನ್ ಹೊರಗೆ ಉಳಿದ ಸಾಲು

ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬುವ ದಿನ ಮನೆಯವರೆಲ್ಲ ಕೂತು ವಚನ ಓದುವುದೆಂದು ಆಗಿತ್ತು. ಯಾವ ವಚನ ಎಂಬುದನ್ನು ಅವರು ಬರೆದಿದ್ದ ಕಂಪ್ಯೂಟರ್ ಪ್ರೋಗ್ರಾಮೇ ಹೇಳಬೇಕು ಎಂಬುದು ನನ್ನ ಹಟ.

ಅವರು ಧಾರವಾಡದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿದ್ದರು. ಸಂಜೆ ಲಿಂಗಪೂಜೆಯಾದ ಮೇಲೆ ಒಂದು ವಚನ ಓದುವುದು ನಮ್ಮ ಮನೆಯ ರೂಢಿ. ಅತ್ತೆಯವರು ಕಣ್ಣು ಮುಚ್ಚಿ ಪುಸ್ತಕ ತೆರೆದರೆ ಯಾವಾಗಲೂ ನಡುವಿನ ಪುಟಗಳೇ ಬರುತ್ತಿದ್ದವು. ಅದಕ್ಕೇ ಇವರು ಸಿ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಮ್ ಬರೆದರು. ಅದು ಒಂದು ನಂಬರ್ ಕೊಡುತ್ತಿತ್ತು, ನಾವು ಆ ನಂಬರಿನ ವಚನ ಓದುತ್ತಿದ್ದೆವು.

ಮೊದಲ ವಾರ ದಿನಾಲೂ ಒಂದೇ ವಚನ ಬಂತು. “ಶಿವ ಏನೋ ಹೇಳಾಕತ್ತಾನ” ಎಂದು ಅತ್ತೆಯವರು ಕೈಮುಗಿದು ಕೇಳಿದರು. ಎಂಟನೆಯ ದಿನ ಇವರು ಅಡುಗೆಮನೆಗೆ ಬಂದು ದನಿ ತಗ್ಗಿಸಿದರು. “ಸೀಡ್, ಅಂದ್ರ ಸುರು ಮಾಡೋ ಅಂಕಿ, ಕೊಡೋದು ಮರ್ತಿದ್ದೆ. ಗಡಿಯಾರದ ಹೊತ್ತು ಕೊಟ್ರನ ಅದು ಬ್ಯಾರೆ ಬ್ಯಾರೆ ನಂಬರ್ ತಗೀತೈತಿ. ಅವ್ವಗ ಹೇಳಬ್ಯಾಡ.” ಸೀಡ್ ಕೊಡುವ ಆ ಸಾಲನ್ನು ಪ್ರೋಗ್ರಾಮ್ ಬರೆದಿಟ್ಟ ನೋಟಬುಕ್ಕಿನ ಪುಟದ ತುದಿಯಲ್ಲಿ ಬರೆದುಕೊಂಡರು.

ಅವರು ಹೋದ ಮೇಲೆ ಹಳೆಯ ಕಂಪ್ಯೂಟರ್ ಕೆಟ್ಟಿತು. ಉಳಿದದ್ದು ಆ ನೋಟಬುಕ್. ಪಿಯುಸಿ ಓದಿದವಳು ನಾನು, ಅದರಲ್ಲಿದ್ದುದನ್ನು ಇದ್ದ ಹಾಗೆ ಹೊಸ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ತುದಿಯ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಕಂಪೈಲ್ ಮಾಡಿದರೆ, ಅಂದರೆ ಓಡಿಸಲು ಸಿದ್ಧಮಾಡಿದರೆ, ಎರರ್. ಆ ಸಾಲನ್ನು ಅಳಿಸಿದೆ, ಪ್ರೋಗ್ರಾಮ್ ಓಡಿತು, ಆದರೆ ಎಷ್ಟು ಸಲ ಓಡಿಸಿದರೂ ಅದೇ ನಂಬರ್. ಎರಡು ಮಧ್ಯಾಹ್ನ ಹೀಗೇ ಹೋದವು. ಅವರ ಅಕ್ಷರದ ಎದುರು ಅಷ್ಟು ಹೊತ್ತು ಕೂತದ್ದು ಆ ವರ್ಷದಲ್ಲಿ ಅದೇ ಮೊದಲು.

ಮೂರನೆಯ ದಿನ ಅವರ ಜೊತೆಯಲ್ಲಿ ಲ್ಯಾಬಿನಲ್ಲಿದ್ದ ಒಬ್ಬರಿಗೆ ಫೋನ್ ಮಾಡಿ, ಬರೆದದ್ದನ್ನೆಲ್ಲ ಓದಿ ಹೇಳಿದೆ.

“ವೈನಿ, ಆ ಸಾಲು ಹೊಸ್ತಿಲ ಹೊರಗ ನಿಂತೈತ್ರಿ. ಮೇನ್ ಅಂತ ಐತಲ್ಲ, ಪ್ರೋಗ್ರಾಮ್ ಸುರು ಆಗೋ ಜಾಗ, ಅದರ ಬ್ರಾಕೆಟ್ ಒಳಗ ಕರಕೊಳ್ರಿ.”

ಒಳಗೆ ಹಾಕಿದೆ. ಈಗ ಆ ಸಾಲಿನಲ್ಲಿರುವ ಟೈಮ್ ಎಂದರೆ ಏನೆಂದು ಗೊತ್ತಿಲ್ಲ ಎಂಬ ಎರರ್ ಬಂತು.

“ಮ್ಯಾಲೆ ಟೈಮ್ ಹೆಡರ್ ಹಾಕೀರೇನ್ರಿ, ಟೈಮ್ ಅಂದ್ರ ಏನಂತ ಹೇಳೋ ಸಾಲು?”

“ಇಲ್ರಿ. ಅವರು ಬರದಿಲ್ಲ.”

“ತಾನ ಬಿಟ್ಟಾನ ನೋಡ್ರಿ ಹಂಗಾದ್ರ. ಹೆಡರ್ ಬಿಟ್ರ ಹುಡುಗರಿಗೆ ಎಷ್ಟು ಬೈತಿದ್ದಾ ಅಂವಾ.”

ಇಬ್ಬರೂ ನಕ್ಕೆವು. ಅವರ ಮಾತು ತೆಗೆದು ನಗಬಹುದು ಎಂಬುದೇ ನನಗೆ ಮರೆತುಹೋಗಿತ್ತು. ಹೆಡರ್ ಸೇರಿಸಿದೆ, ನಂಬರ್‌ಗಳು ಬದಲಾಗತೊಡಗಿದವು. ಆ ಎರಡು ಎರರ್‌ಗಳಿಗೂ, ಫೋನ್ ಇಡದೆ ಕಾದ ಆ ಮನುಷ್ಯನಿಗೂ ನಾನು ಋಣಿ.

ವರ್ಷದ ದಿನ ಬಂದ ನಂಬರಿನ ವಚನ ಓದಿ ಮುಗಿಸಿದೆವು. ಆಮೇಲೆ ಅತ್ತೆಯವರು ಅಂದರು: “ಮೊದಲ ಆ ಏಳು ದಿನ ಬಂದಿತ್ತಲ್ಲ, ಅದೂ ಒಂದು ಆಗಿಬಿಡಲಿ.”

“ಶಿವ ಹೇಳಿದ್ದೇನ್ರಿ?” ಎಂದು ಕೇಳಿದೆ.

“ಒಂದ ವಚನ ಏಳು ದಿನ ಬಂದ್ರ ಗೊತ್ತಾಗಂಗಿಲ್ಲೇನು? ಎಲ್ಲೋ ತಪ್ಪಿದ್ದ ನನ್ನ ಮಗ. ಹೇಳಿದ್ರ ಸಣ್ಣ ಮಾರಿ ಮಾಡ್ತಿದ್ದ, ಸುಮ್ಮನಿದ್ದೆ. ಛಲೋನ ಆತು, ನನಗ ಬಾಯಿಪಾಠ ಆತು.”

ಪುಸ್ತಕ ತೆರೆಯಲು ಬಿಡಲಿಲ್ಲ. ಕಣ್ಣು ಮುಚ್ಚಿ, ಒಂದಕ್ಷರ ತಪ್ಪದೆ ಪೂರ್ತಿ ಹೇಳಿದರು.