ಡೆರೆಕನ ಯೂಟ್‌ಗೆ ಖಂಡೇಪೂಜೆ

ಆಕ್ಲೆಂಡಿಗೆ ಬಂದು ಬಾಡಿಗೆ ಮನೆ ಹೊಕ್ಕ ಮೊದಲ ಬೆಳಿಗ್ಗೆ ಅಡುಗೆಮನೆಯ ಲೋಟಗಳು ತಾವಾಗಿಯೇ ಕಿಣಿಕಿಣಿ ಎಂದವು. ಭೂಕಂಪವೇ ಇರಬೇಕೆಂದು ಮಗಳನ್ನು ಎತ್ತಿಕೊಂಡು ಹೊರಗೋಡಿದೆ. ಅಂಗಳದಲ್ಲಿ ಕೆನೆಬಣ್ಣದ ಗಾಡಿಯೊಂದು ಗುಡುಗುತ್ತಿತ್ತು. ಮುಂದೆ ಮುತ್ತಜ್ಜನ ಕಾಲದ ಮೋಟಾರಿನ ಮೂತಿ, ಹಿಂದೆ ಸಾಮಾನು ಹೇರುವ ಮರದ ತೊಟ್ಟಿ, ಮೇಲೆ ಮುಚ್ಚಳವೇ ಇಲ್ಲದ ಥಳಥಳ ಎಂಜಿನ್ನು. ಒಳಗಿನಿಂದ ಬಿಳಿಗಡ್ಡದ ಮನೆಮಾಲೀಕ ಡೆರೆಕ್ ಕೈಬೀಸಿದ. ಗಾಜಿಗೆ ‘ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಸಿತ್ತು.

ಪೆನ್‌ರೋಸ್ ಬಡಾವಣೆಯ ಹತ್ತಿರ ಅವನ ಮನೆಯ ಹಿಂಭಾಗ ನಮ್ಮದು, ಮುಂಭಾಗ ಅವನದು. ಗುದ್ದಿಸಿಕೊಂಡ ಕಾರುಗಳ ತಗ್ಗನ್ನು ಜೀವಮಾನವೆಲ್ಲ ತೆಗೆದವನು. ನಮ್ಮಲ್ಲಿ ಟಿಂಕರಿಂಗ್ ಅನ್ನುತ್ತೇವಲ್ಲ, ಅದೇ ಕೆಲಸ. ಇಲ್ಲಿ ಪಿಕಪ್ ಗಾಡಿಗೆ ‘ಯೂಟ್’ ಎನ್ನುತ್ತಾರೆ. ಹಳೆಯ ಯೂಟನ್ನು ಕತ್ತರಿಸಿ, ತಗ್ಗಿಸಿ, ದೊಡ್ಡ ಎಂಜಿನ್ನು ಕೂರಿಸಿ ತಮಗೆ ಬೇಕಾದಂತೆ ಕಟ್ಟಿಕೊಂಡರೆ ಅದು ‘ಸ್ಟ್ರೀಟ್ ರಾಡ್’. ಹುಬ್ಬಳ್ಳಿಯಲ್ಲಾದರೆ ಅಂಥ ಗಾಡಿ ಎಂದೋ ಗುಜರಿ ಸೇರುತ್ತಿತ್ತು. ಈಸ್ಟ್ ತಮಾಕಿಯ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ನೋಡುವ ನನಗೆ, ಒಂದು ಮೂಟೆಯನ್ನೂ ಹೊರದ ಯೂಟ್‌ಗೆ ಒಬ್ಬ ಮನುಷ್ಯ ವರ್ಷಗಟ್ಟಲೆ ಭಾನುವಾರಗಳನ್ನು ಸುರಿದದ್ದು ಅರ್ಥವಾಗಲಿಲ್ಲ.

ಅರ್ಥವಾದದ್ದು ಒಂದೇ. ಅದು ಮಾರಿಹೋದರೆ ಡೆರೆಕ್ ಮನೆಯನ್ನೂ ಮಾರಿ ನೆಲ್ಸನ್‌ನಲ್ಲಿರುವ ಮಗಳ ಬಳಿಗೆ ಹೋಗುವವನಿದ್ದ. ಮನೆ ಕೇಳಿದಲ್ಲೆಲ್ಲ ಈ ದೇಶದ ಹಿಂದಿನ ಮನೆಮಾಲೀಕರ ಶಿಫಾರಸು ತನ್ನಿ ಎಂದಿದ್ದರು. ನಿನ್ನೆ ಮೊನ್ನೆ ವಿಮಾನ ಇಳಿದವರು ಅದನ್ನು ಎಲ್ಲಿಂದ ತರಬೇಕು? ಕೇಳದೆ ಕೊಟ್ಟವನು ಡೆರೆಕ್ ಒಬ್ಬನೇ. ಹಾಗಾಗಿ ಗಿರಾಕಿಗಳು ಯೂಟನ್ನು ಸುತ್ತು ಹಾಕಿ ಬರಿಗೈಲಿ ಹೋದಾಗಲೆಲ್ಲ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ಮರುವರ್ಷ ದಸರೆಗೆ ಹುಬ್ಬಳ್ಳಿಯಿಂದ ನನ್ನ ಗಂಡನ ತಾಯಿ, ಅತ್ತೆ ಬಂದರು. ಅಲ್ಲಿ ಮಳೆ ಮುಗಿಯುವ ಕಾಲ, ಇಲ್ಲಿ ಚಳಿ ಮುಗಿದು ಚಿಗುರುವ ಕಾಲ. ಮಹಾನವಮಿಯ ದಿನ ನಮ್ಮ ಕಡೆ ಖಂಡೇಪೂಜೆ. ಹತಾರಗಳಿಗೂ ಗಾಡಿಗಳಿಗೂ ಕುಂಕುಮ ಏರಿಸಿ ಕಾಯಿ ಒಡೆಯುತ್ತೇವೆ. ನಮ್ಮ ಕಾರಿನ ಪೂಜೆ ಮುಗಿಸಿ ಹೋಳಿಗೆ ತರಲು ನಾನು ಒಳಹೋದೆ. ಮಧ್ಯಾಹ್ನ ಗಿರಾಕಿ ಬರುವವನಿದ್ದ. ಡೆರೆಕ್ ಹಾಲು ತರಲು ಡೈರಿಗೆ, ಎಂದರೆ ಮೂಲೆಯ ಕಿರಾಣಿ ಅಂಗಡಿಗೆ ಹೋಗಿದ್ದ. ನಾನು ಹೊರಬಂದು ನೋಡಿದರೆ ಯೂಟಿನ ಬಾಗಿಲಿಗೆ ವಿಭೂತಿ, ಹಸಿ ಕುಂಕುಮ. ಗಾಲಿಯ ಮುಂದೆ ಒಡೆದ ಕಾಯಿ.

“ಅತ್ತಿ, ಅದು ನಮ್ಮ ಗಾಡಿ ಅಲ್ರೀ!”

“ನಮ್ಮ ಅಂಗಳದಾಗ ನಿಂತೈತಲ್ಲ. ಒಂದಕ್ಕ ಪೂಜಿ ಮಾಡಿ ಬಾಜೂದ್ದನ್ನ ಬರೇ ಹಣಿಲೆ ನಿಂದ್ರಸ್ತಾರೇನ?”

ಒದ್ದೆ ಬಟ್ಟೆಯಿಂದ ಒರೆಸಿದೆ. ಕುಂಕುಮ ಕರಗಿ ಕೆನೆಬಣ್ಣದ ಮೇಲೆ ಅಂಗೈಯಗಲ ಹರಡಿತು. ಅಷ್ಟರಲ್ಲಿ ಡೆರೆಕ್ ಬಂದ. ಮಾರಾಟ ಕೆಟ್ಟರೆ ಮನೆ ಉಳಿಯುತ್ತದೆ ಎಂಬುದು ಆಗ ನನ್ನ ತಲೆಗೇ ಬರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಡೆರೆಕ್ ಬಗ್ಗಿ ಕಲೆಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಇದೇನೆಂದು ಕೇಳಿದ. ಅನ್ನ ಕೊಡುವ ಹತಾರಗಳಿಗೆ ಇವತ್ತು ಪೂಜೆ ಮಾಡುತ್ತೇವೆ ಎಂದೆ. ಗ್ಯಾರೇಜಿಗೆ ಹೋಗಿ ಹಿಡಿ ಸವೆದ ಸುತ್ತಿಗೆಯೊಂದನ್ನು ತಂದು ಗಾಲಿಯ ಪಕ್ಕ ಇಟ್ಟ.

“ಹಾಗಾದರೆ ತಪ್ಪಾಗಿದೆ. ಅನ್ನ ಕೊಟ್ಟದ್ದು ಇದು. ಯೂಟ್ ಬರೀ ತಿಂದದ್ದು,” ಎಂದ.

ಅವನ ಮಾತನ್ನು ನಾನು ಕನ್ನಡದಲ್ಲಿ ಹೇಳುವ ಮೊದಲೇ ಅತ್ತೆಗೆ ತಿಳಿದಿತ್ತು. ಸುತ್ತಿಗೆಗೆ ಕುಂಕುಮ ಹಚ್ಚುತ್ತ, “ಮುಂಜಾನೇನ ತರಬಾರದೇನಪಾ?” ಎಂದು ಅವನನ್ನು ಕನ್ನಡದಲ್ಲೇ ಗದರಿದರು. ಅವನು ತಲೆಯಾಡಿಸಿ ಹೋಳಿಗೆ ತಿಂದ.

ಎಷ್ಟು ಪಾಲಿಶ್ ತಿಕ್ಕಿದರೂ ಬಾಗಿಲ ಹಿಡಿಯ ಕೆಳಗೆ ತೆಳು ಗುಲಾಬಿ ಉಳಿಯಿತು. ಗಿರಾಕಿಯಿಂದ ಡೆರೆಕ್ ಅದನ್ನು ಮುಚ್ಚಿಡಲಿಲ್ಲ. ಪೂಜೆ ಆದ ಗಾಡಿ ಎಂದ. ಗಿರಾಕಿ ನಕ್ಕು ಕೊಂಡುಹೋದ. ಕ್ರಿಸ್‌ಮಸ್ಸಿಗೆ ಮೊದಲೇ ಮನೆಯೂ ಮಾರಿಹೋಯಿತು. ಡೆರೆಕ್ ಬರೆದುಕೊಟ್ಟ ಶಿಫಾರಸಿನ ಮೇಲೆ ಹೆದ್ದಾರಿ ಪಕ್ಕ ನಮಗೊಂದು ಫ್ಲ್ಯಾಟು ಸಿಕ್ಕಿತು. ಬೆಳಿಗ್ಗೆ ಅಲ್ಲಿ ಲೋಟಗಳು ಅಲುಗುವುದಿಲ್ಲ. ಕೆಲವು ದಿನ ಅದು ಬೇಸರವೆನಿಸಿತು.

ಮುಂದಿನ ನವಮಿಗೆ ಅತ್ತೆ ಹುಬ್ಬಳ್ಳಿಯಿಂದ ಫೋನು ಮಾಡಿ, “ನಮ್ಮ ಗಾಡಿ ಹೆಂಗೈತಿ?” ಎಂದರು. ಸರ್ವೀಸ್ ಆಗಿದೆ, ಟೈರು ಬದಲಿಸಿದ್ದೇವೆ ಎಂದು ವರದಿ ಒಪ್ಪಿಸಿದೆ.

“ಅದಲ್ಲ ಯವ್ವಾ. ನಮ್ಮ ಗಾಡಿ.”

ಹಿಂದಿನ ವಾರ ಈಸ್ಟ್ ತಮಾಕಿಯ ಸಿಗ್ನಲ್ಲಿನಲ್ಲಿ ಅದು ನಿಂತಿತ್ತು. ಹಿಂದಿನ ಸೀಟಿನಿಂದ ಮಗಳು “ಅಮ್ಮಾ, ನಮ್ಮ ಯೂಟ್!” ಎಂದು ಕೂಗಿದ್ದಳು. ಬಾಗಿಲಿನ ಗುಲಾಬಿ ಹಾಗೆಯೇ ಇತ್ತು.

“ನಮ್ಮ ಗಾಡಿ ಆರಾಮ ಐತ್ರಿ ಅತ್ತಿ,” ಎಂದೆ. ಅದೇ ಉಸಿರಿನಲ್ಲಿ, “ನಿಮ್ಮನ್ಯಾಗ ಪೂಜಿ ಆತೇನ್ರಿ?” ಎಂದು ಕೇಳಿಬಿಟ್ಟೆ. ನಾನು ಸೊಸೆಯಾಗಿ ಹೊಸ್ತಿಲು ದಾಟಿ ಒಳಬಂದ ಮನೆ ಅದು; ‘ನಮ್ಮನ್ಯಾಗ’ ಎನ್ನಬೇಕಿತ್ತು. “ಆತವಾ,” ಎಂದರು ಅತ್ತೆ.